ಐದು ಬೆರಳಿನ ಫೋಮು

ನನ್ನ ಅಂಗಡಿಗೆ ಬಂದವರು ಯಾರೂ ನಿಂತು ಮಾತಾಡಿದ್ದಿಲ್ಲ. ಬೇರೆ ಯಾವುದಕ್ಕೆ ಬರವಿದ್ದರೂ ಇಲ್ಲಿ ಸೀಟಿಗೆ ಬರವಿಲ್ಲ. ಹಳೆಯ ಕಾರುಗಳಿಂದ ಕಳಚಿ ಬಂದ ಸೀಟುಗಳು ಗೋಡೆಯುದ್ದಕ್ಕೂ ಸಾಲಾಗಿವೆ. ಒಂದಕ್ಕೆ ಕೈಯಿಲ್ಲ, ಇನ್ನೊಂದಕ್ಕೆ ಬೆನ್ನಿಲ್ಲ, ಆದರೂ ಕೂತವರನ್ನು ಯಾವುದೂ ಬೀಳಿಸಿಲ್ಲ. ಔಷಧಿ ಕಾರ್ಖಾನೆಗೆ ಕೆಲಸದವರನ್ನು ಕರೆದೊಯ್ಯುವ ಹನ್ನೆರಡು ವ್ಯಾನುಗಳ ಚಾಲಕರಿಗೆ ಒಂದು ಸಂಘವಿದೆ, ಆಫೀಸು ಮಾತ್ರ ಇಲ್ಲ. ಹಾಗಾಗಿ ಅವರ ಸಭೆಗಳೆಲ್ಲ ನನ್ನ ಅಂಗಡಿಯಲ್ಲೇ. ಅವರು ಜಗಳವಾಡುತ್ತಿರುತ್ತಾರೆ, ನಾನು ಹೊಲಿಯುತ್ತಿರುತ್ತೇನೆ.

ಸೀಟು ಹೊಲಿಯಲು ಕೂತು ನಲವತ್ತೊಂದು ವರ್ಷವಾಯಿತು. ಕಲಿಸಿದವರು ನಮ್ಮ ಯಜಮಾನರು. ಅವರು ಹೋದ ಮೇಲೆ, ಹೆಂಗಸು ಎಲ್ಲಿ ರೆಕ್ಸಿನ್ನು ಎಳೆದು ಬಿಗಿಯುತ್ತಾಳೆ ಎಂದು ಮೂಗು ಮುರಿದವರೇ ಕೆಲವು ವರ್ಷಕ್ಕೆ ನನಗೆ ಸೀಟಜ್ಜಿ ಎಂದು ಹೆಸರಿಟ್ಟರು. ಹಳೆಯ ಕವರು ಬಿಚ್ಚಿದಾಗ ಅಂಗೈಯಗಲದ ಒಂದು ತುಂಡು ಕತ್ತರಿಸಿಟ್ಟುಕೊಳ್ಳುವುದು ಯಜಮಾನರ ರೂಢಿ. ಮುಂದೆ ಅದೇ ಗಾಡಿ ಬಂದರೆ ಬಣ್ಣ ಹೊಂದಿಸಲು ಬೇಕಲ್ಲ. ನಾನು ಅದಕ್ಕೆ ದಾರ ಸೇರಿಸಿದೆ. ಅಪಘಾತವಾದ ಗಾಡಿಯ ಸೀಟಾದರೆ, ಅದರಲ್ಲಿ ಕೂತವರ ಗತಿ ಏನಾಯಿತೆಂದು ಕೇಳಿ ತಿಳಿದು, ತುಂಡಿನ ಮೂಲೆಗೆ ದಾರ ಹಾಕುತ್ತಿದ್ದೆ. ಬರೀ ತರಚಿದ ಗಾಯವಾದರೆ ಹಸಿರು. ಆಸ್ಪತ್ರೆ ಸೇರಿದ್ದರೆ ಹಳದಿ. ಮನೆಗೆ ವಾಪಸು ಬರದಿದ್ದರೆ ಕೆಂಪು. ಕೂತವರು ಸೊಂಟದ ಬೆಲ್ಟು ಹಾಕಿಕೊಂಡಿದ್ದರೆ ದಾರದ ತುದಿಗೆ ಒಂದು ಗಂಟು. ಭುಜದ ಮೇಲಿಂದಲೂ ಬರುವ ಬೆಲ್ಟಾದರೆ ಎರಡು ಗಂಟು. ಬರೆದಿಡುವಷ್ಟು ಅಕ್ಷರ ನನಗೆ ಬರುತ್ತಿರಲಿಲ್ಲ, ಮರೆಯುವುದಕ್ಕೂ ಮನಸ್ಸು ಬರುತ್ತಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಸಭೆ ಸೇರಿದ್ದು ಕಾರ್ಖಾನೆಯಿಂದ ಬಂದ ಒಂದು ಕಾಗದದ ಸಲುವಾಗಿ. ಓದಿದವಳು ನನ್ನ ಮೊಮ್ಮಗಳು. ಅವಳು ಅದೇ ಕಾರ್ಖಾನೆಯಲ್ಲಿ ಮಾತ್ರೆ ಪ್ಯಾಕ್ ಮಾಡುವ ವಿಭಾಗದಲ್ಲಿದ್ದಾಳೆ. ಆಗ ಅವಳಿಗೆ ಐದು ತಿಂಗಳು. ಅವಳ ಗಂಡ ಆ ಹನ್ನೆರಡು ಚಾಲಕರಲ್ಲಿ ಒಬ್ಬ. ವರಸೆಯಲ್ಲಿ ಮೊಮ್ಮಗಳ ಗಂಡನಾದರೂ ನಾನು ಅಳಿಯ ಎಂದೇ ಕರೆಯುವುದು. ದಿನಾ ಅವನ ವ್ಯಾನಿನಲ್ಲೇ, ಅವನ ಹಿಂದಿನ ಸೀಟಿನಲ್ಲೇ ಅವಳ ಪ್ರಯಾಣ.

ಕಾಗದದ ಸಾರ ಇಷ್ಟು: ವ್ಯಾನಿನ ಪ್ರತಿ ಸೀಟಿಗೂ ಭುಜದಿಂದ ಸೊಂಟಕ್ಕೆ ಬರುವ ಬೆಲ್ಟು ಹಾಕಿಸಬೇಕೆಂದು ಯೋಚನೆಯಿದೆ, ಖರ್ಚು ಕಾರ್ಖಾನೆಯದು. ಚಾಲಕರ ಒಪ್ಪಿಗೆ ಇಲ್ಲದೆ ಮಾಡುವುದಿಲ್ಲ. ಮುಂದಿನ ಸೋಮವಾರದೊಳಗೆ ಬೇಕೋ ಬೇಡವೋ ಬರೆದು ತಿಳಿಸಿ.

"ಬೇಡ ಅಂತ ಬರಿ!" ಎಂದ ಸಂಘದ ಅಧ್ಯಕ್ಷ.

ಅವನನ್ನು ಎಲ್ಲರೂ ಹಾರ್ನಣ್ಣ ಎನ್ನುತ್ತಾರೆ. ಅವನು ಬೀದಿಯ ತಿರುವಿನಲ್ಲಿ ಇರುವಾಗಲೇ ಅವನ ದನಿ ನನ್ನ ಹೊಸ್ತಿಲು ದಾಟಿರುತ್ತದೆ. ಒಳ್ಳೆಯ ಮನುಷ್ಯ. ಯಾರ ಗಾಡಿ ನಿಂತರೂ ಮೊದಲು ಓಡುವವನು ಅವನೇ.

"ಕಾರಣ ಹೇಳಣ್ಣ, ಬರೀತೀನಿ" ಎಂದಳು ಮೊಮ್ಮಗಳು.

"ಕಾರಣ ಬೇಕಾ? ನನ್ನ ತಮ್ಮನ ಹೊಟ್ಟೆ ಮೇಲಿದೆ, ಒಂದು ಗೇಣು ಉದ್ದದ ಕಾರಣ! ಬೆಲ್ಟು ಹಾಕ್ಕೊಂಡೇ ಕೂತಿದ್ದ. ಅದೇ ಬೆಲ್ಟು ಅವನ ಕರುಳು ಹರೀತು. ಮೂರು ಸಲ ಕೊಯ್ದು ಹೊಲಿದ್ರು. ಕಣ್ಣಾರೆ ಕಂಡವನು ನಾನು. ಇವರಿಗೇನು, ಕುರ್ಚೀಲಿ ಕೂತು ಕಾಗದ ಬರೀತಾರೆ."

ಆ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಹನ್ನೊಂದು ವರ್ಷದಿಂದ ಅವನು ಹೇಳುತ್ತಿದ್ದಾನೆ, ಹೇಳುವಾಗಲೆಲ್ಲ ಅವನ ಕಣ್ಣು ಕೆಂಪಾಗುತ್ತದೆ.

ಅಳಿಯ ಮೆಲ್ಲಗೆ ಬಾಯಿಬಿಟ್ಟ. "ನಮ್ಮನೆಯವಳದೂ ಹಾಗೇ ಅಣ್ಣ. ಈ ಸ್ಥಿತೀಲಿ ಹೊಟ್ಟೆಗೆ ಬೆಲ್ಟು ಬಿಗಿಯೋದು ಅಂದ್ರೆ... ನನಗಂತೂ ಧೈರ್ಯ ಇಲ್ಲ."

"ಬಿಗಿಯೋದು ಹೊಟ್ಟೆಗಲ್ಲ!" ಮೊಮ್ಮಗಳು ಕಾಗದ ಕೆಳಗಿಟ್ಟಳು. "ತಪಾಸಣೆಗೆ ಹೋದಾಗ ನರ್ಸಮ್ಮ ಎಷ್ಟು ಸಲ ಹೇಳಿದಾರೆ. ಹೊಟ್ಟೆ ಕೆಳಗೆ, ಸೊಂಟದ ಮೂಳೆ ಮೇಲೆ ಅಂತ. ನೀವು ಮುಂದೆ ಬೆಲ್ಟು ಹಾಕ್ಕೊಂಡು ಕೂತಿರ್ತೀರಿ. ಹಿಂದೆ ನಾವಿಬ್ಬರು ಹಾಗೇ ಕೂತಿರ್ತೀವಿ. ನಮಗೆ ತೂಕ ಇಲ್ವಾ?"

"ಯಾರು ಆ ಇಬ್ಬರು?" ಎಂದ ಒಬ್ಬ ಚಾಲಕ.

"ನಾನೂ, ಇದೂ" ಎಂದು ಹೊಟ್ಟೆ ತೋರಿಸಿದಳು. ಎಲ್ಲರೂ ನಕ್ಕರು, ಅಳಿಯನೊಬ್ಬನನ್ನು ಬಿಟ್ಟು.

"ನಿನಗೆ ಏನಾದ್ರೂ ಆದ್ರೆ ನರ್ಸಮ್ಮ ಬರ್ತಾರಾ?" ಎಂದ ಅವನು.

ಅವಳು ನನ್ನ ಕಡೆ ನೋಡಿದಳು. ಹಾರ್ನಣ್ಣನೂ ತಿರುಗಿದ. "ಅಜ್ಜಿ, ನೀವು ಹೇಳಿ. ನಲವತ್ತು ವರ್ಷದಿಂದ ಸೀಟು ನೋಡಿದೀರಿ. ಬೆಲ್ಟಿಂದ ಜನ ಉಳೀತಾರೋ ಸಾಯ್ತಾರೋ?"

ಸೂಜಿ ಬೆರಳಿಗೆ ಚುಚ್ಚಿತು. "ನೋಡಿ ಹೇಳ್ತೀನಪ್ಪ. ಒಂದು ವಾರ ಇದೆಯಲ್ಲ" ಎಂದೆ.

ಮಧ್ಯಾಹ್ನ ಮೊಮ್ಮಗಳನ್ನು ಕೂರಿಸಿಕೊಂಡು ಅಟ್ಟದ ಮೇಲಿಂದ ತುಂಡುಗಳ ಮೂಟೆ ಇಳಿಸಿದೆ. ದಾರ ಹಾಕಿದ ತುಂಡುಗಳನ್ನು ಮಾತ್ರ ಆರಿಸಿ, ಅದರಲ್ಲೂ ಹಿಂದಿನ ಸೀಟಿನವು ಮಾತ್ರ ತೆಗೆದು, ನೆಲದ ಮೇಲೆ ಮೂರು ಗುಂಪು ಮಾಡಿದೆವು. ನಾನು ಒಂದೊಂದು ತುಂಡನ್ನು ಮುಟ್ಟಿ ಕಥೆ ಹೇಳುವುದು, ಅವಳು ಬರೆದುಕೊಳ್ಳುವುದು.

ಗಂಟೇ ಇಲ್ಲದ ತುಂಡುಗಳು ಇಪ್ಪತ್ತೊಂಬತ್ತು. ಅದರಲ್ಲಿ ಕೆಂಪು ಒಂಬತ್ತು. ಒಂದು ಗಂಟಿನವು ಹನ್ನೊಂದು, ಕೆಂಪು ಒಂದೇ, ಆದರೆ ಹಳದಿ ಆರು. ಎರಡು ಗಂಟಿನವು ಬರೀ ಆರು. ಅವುಗಳಲ್ಲಿ ಐದು ಹಸಿರು, ಒಂದು ಹಳದಿ.

"ಮತ್ತಿನ್ನೇನಜ್ಜಿ! ಕಣ್ಣಿಗೆ ರಾಚೋ ಹಾಗಿದೆ" ಎಂದು ಅವಳು ಕುಣಿಯುವುದೊಂದು ಬಾಕಿ.

"ಅವಸರ ಮಾಡಬೇಡ. ಪೂರ್ತಿ ನಜ್ಜುಗುಜ್ಜಾದ ಗಾಡಿ ಗುಜರಿಗೆ ಹೋಗುತ್ತೆ, ನನ್ನ ಹತ್ರ ಬರಲ್ಲ. ಬೆಲ್ಟು ಹಾಕ್ಕೊಂಡೂ ಅದರಲ್ಲಿ ಹೋದವರು ಇದ್ದಿರಬಹುದು. ಇನ್ನು, ಬೆಲ್ಟು ಹಾಕ್ಕೊಂಡು ಏನೂ ಆಗದವರ ಸೀಟೂ ನನ್ನ ಹತ್ರ ಬರಲ್ಲ. ಹರಿಯದ ಸೀಟನ್ನ ಯಾರು ಹೊಲಿಸ್ತಾರೆ? ನನ್ನ ಮೂಟೆ ಅಂದ್ರೆ ಕಿಟಕಿಯಿಂದ ಬೀದಿ ನೋಡಿದ ಹಾಗೆ. ಕಂಡಷ್ಟು ನಿಜ, ಆದ್ರೆ ಅಷ್ಟೇ ಬೀದಿ ಅಲ್ಲ."

ಹಾಗೆ ಹೇಳುತ್ತಲೇ ಒಂದು ಗಂಟಿನ ಹಳದಿ ತುಂಡುಗಳನ್ನು ಬಿಡಿಸಿಡುತ್ತಿದ್ದೆ. ಆರೂ ಜನರಿಗೆ ಪೆಟ್ಟಾಗಿದ್ದು ಹೊಟ್ಟೆಗೆ. ಹಾಗಾದರೆ ಹಾರ್ನಣ್ಣ ಸುಳ್ಳು ಹೇಳುತ್ತಿಲ್ಲ. ನಾಲ್ಕನೆಯದು ಕಂದು ಮಖಮಲ್ಲಿನ ತುಂಡು. ಅದನ್ನು ಕೈಗೆತ್ತಿಕೊಂಡೆ, ಕೆಳಗಿಡಲಾಗಲಿಲ್ಲ.

ಅದು ಹಾರ್ನಣ್ಣನ ತಮ್ಮ ಕೂತಿದ್ದ ಸೀಟು. ಆ ಕಾರಿನ ಮಾಲೀಕ ಬಂದಿದ್ದ ದಿನ ನೆನಪಿದೆ. ಅಜ್ಜಿ, ಹಿಂದಿನ ಸೀಟು ಹಂಸತೂಲಿಕಾತಲ್ಪದ ಹಾಗಿರಬೇಕು, ಕೂತರೆ ಮುಳುಗಬೇಕು ಎಂದಿದ್ದ. ಮುಳುಗುವ ಹಾಗೆಯೇ ಮಾಡಿಕೊಟ್ಟೆ, ಐದು ಬೆರಳು ದಪ್ಪದ ಮೆತ್ತನೆ ಫೋಮು ಹಾಕಿ. ಎಲ್ಲರೂ ಹೊಗಳಿದರು. ಎರಡು ತಿಂಗಳಿಗೆ ಆ ಕಾರು ನಿಂತ ಲಾರಿಗೆ ಗುದ್ದಿತು. ರಿಪೇರಿಗೆ ಬಂದ ಸೀಟನ್ನು ಬಿಚ್ಚಿದಾಗ ನೋಡಿದೆ: ಫೋಮಿನ ಮುಂದಿನ ಅಂಚು ಚಪ್ಪಟೆಯಾಗಿತ್ತು. ಕೂತವನ ಸೊಂಟ ಬೆಲ್ಟಿನ ಕೆಳಗೆ ನುಸುಳಿ ಮುಂದಕ್ಕೆ ಜಾರಿದೆ. ಮೂಳೆಯನ್ನು ಹಿಡಿಯಬೇಕಾದ ಪಟ್ಟಿ ಮೇಲಕ್ಕೇರಿ ಮೆತ್ತನೆಯ ಹೊಟ್ಟೆಯನ್ನು ಹಿಡಿದಿದೆ. ಮಖಮಲ್ಲಿನ ಮೇಲೆ ಜಾರಿದ ಗುರುತು ಸ್ಪಷ್ಟವಾಗಿತ್ತು.

ಅಂದೇ ನನಗೆ ಅರ್ಥವಾಗಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ತುಂಡಿಗೆ ಹಳದಿ ದಾರ ಹಾಕಿ ಮೂಟೆಗೆ ಸೇರಿಸಿ ಸುಮ್ಮನಾದೆ. ಅಂಗಡಿ ಹೋದೀತೆಂಬ ಭಯ ಒಂದಿತ್ತು. ಅದಕ್ಕಿಂತ, ಒಳ್ಳೆಯ ಕೆಲಸವೆಂದುಕೊಂಡು ಮಾಡಿದ್ದು ಹೀಗಾಯಿತಲ್ಲ ಎಂಬ ನಾಚಿಕೆ. ಆಮೇಲೆ ಹತ್ತು ಸೀಟು ಗಟ್ಟಿಯಾಗಿ ಮಾಡಿದೆ. ಗಿರಾಕಿಗಳು ಗೊಣಗಿದರು. ಹನ್ನೊಂದನೆಯದು ಮತ್ತೆ ಮೆತ್ತಗಾಯಿತು. ವರ್ಷ ಕಳೆದಂತೆ ಕೈ ಹಳೆಯ ರೂಢಿಗೇ ಹೋಯಿತು. ಬೆಲ್ಟಿನ ಬಕಲ್ಲು ಚುಚ್ಚುತ್ತದೆ ಎಂದವರಿಗೆ ಅದನ್ನೂ ಕವರಿನ ಒಳಗೆ ತಳ್ಳಿ ಹೊಲಿದು ಕೊಟ್ಟೆ.

"ಅಜ್ಜಿ, ಯಾಕೆ ಬೆವರ್ತಿದೀಯ?"

"ನಿನ್ನ ಸೀಟು" ಎಂದೆ.

ಹಿಂದಿನ ತಿಂಗಳು, ರಸ್ತೆಯ ಕುಲುಕಾಟ ಅವಳಿಗೆ ತಾಗದಿರಲೆಂದು, ಅಳಿಯನ ವ್ಯಾನಿನ ಆ ಸೀಟನ್ನು ನಾನೇ ಬಿಚ್ಚಿ ಹೊಸದಾಗಿ ಮಾಡಿದ್ದೆ. ಕಂದು ಮಖಮಲ್ಲಿಗೆ ಹಾಕಿದ್ದ ಅದೇ ಜಾತಿಯ ಫೋಮು, ಅದೇ ಐದು ಬೆರಳು. ಗಾಡಿಯ ಜೊತೆಗೇ ಬಂದಿದ್ದ ಸೊಂಟದ ಬೆಲ್ಟಿನ ಬಕಲ್ಲು ಕವರಿನ ಒಳಗೆ. ಪ್ರೀತಿ ಜಾಸ್ತಿಯಾಗಿ ಅಂಚಿಗೆ ಎರಡು ಸಾಲು ಹೊಲಿಗೆ ಬೇರೆ.

ಅವಳಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಮಖಮಲ್ಲಿನ ತುಂಡನ್ನು ಮಡಿಲಲ್ಲಿಟ್ಟುಕೊಂಡು ಅದರ ಮೇಲೆ ಕೈಯಾಡಿಸಿದಳು.

"ಇದನ್ನ ಮುಂದಿನ ಭಾನುವಾರ ಸಭೇಲಿ ಹೇಳ್ತೀಯಾ?"

"ಹೇಳಬೇಕು. ಆದ್ರೆ ಅದಕ್ಕೆ ಮುಂಚೆ ಇನ್ನೊಬ್ಬರಿಗೆ ಹೇಳಬೇಕು."

ಹಾರ್ನಣ್ಣನ ತಮ್ಮ ಬಸ್ ನಿಲ್ದಾಣದ ಗೋಡೆಗೆ ಅಂಟಿದ ಪುಟ್ಟ ಗೂಡಿನಲ್ಲಿ ಕೀಲಿಕೈ ಮಾಡುತ್ತಾನೆ. ಅಣ್ಣನ ದನಿಯೆಲ್ಲ ಅಣ್ಣನಿಗೇ ಹೋಗಿ ಇವನಿಗೆ ಪಿಸುಮಾತಷ್ಟೇ ಉಳಿದಂತಿದೆ. ಮರುದಿನ ಬೆಳಿಗ್ಗೆ ಹೋದಾಗ ಒಂದು ಕೀಲಿಕೈಯನ್ನು ಅರದಿಂದ ಉಜ್ಜುತ್ತಿದ್ದ.

"ಬನ್ನಿ ಅಜ್ಜಿ. ಬೀಗ ಕೆಟ್ಟಿತಾ?"

"ಬಾಯಿಗೆ ಹಾಕ್ಕೊಂಡಿದ್ದ ಬೀಗ ಒಂದಿತ್ತಪ್ಪ, ತೆಗೀಬೇಕು ಅಂತ ಬಂದೆ" ಎಂದು ತುಂಡನ್ನು ಅವನ ಮುಂದಿಟ್ಟೆ. ಐದು ಬೆರಳಿನ ಕಥೆ ಮೊದಲಿಂದ ಕೊನೆಯವರೆಗೆ ಹೇಳಿದೆ. ಹೇಳಿ ಮುಗಿದ ಮೇಲೂ ಅರದ ಸದ್ದು ನಿಲ್ಲಲಿಲ್ಲ. ಕೀಲಿಕೈ ಪೂರ್ತಿಯಾಗಿ, ಗಿರಾಕಿ ಬಂದು ತೆಗೆದುಕೊಂಡು ಹೋದ. ಆಮೇಲೆ ಅವನು ಕೈ ಒರೆಸಿಕೊಂಡ.

"ಮೊದಲ ಎರಡು ವರ್ಷದಲ್ಲಿ ಹೇಳಿದ್ರೆ ನಿಮ್ಮ ಅಂಗಡಿ ಮುಂದೆ ಬಂದು ಕೂಗಾಡ್ತಿದ್ದೆ ಅಜ್ಜಿ."

"ಕೂಗಾಡಬೇಕಿತ್ತು."

"ಈಗ ಬೇರೆ ಯೋಚನೆ ಬರುತ್ತೆ." ಅವನು ತುಂಡನ್ನು ತಿರುಗಿಸಿ ನೋಡಿದ. "ಅವತ್ತು ನನ್ನ ಪಕ್ಕದಲ್ಲಿ ನನ್ನ ಸ್ನೇಹಿತ ಕೂತಿದ್ದ. ಬೆಲ್ಟು ಹಾಕ್ಕೋ ಅಂದೆ. ಹತ್ತು ನಿಮಿಷದ ದಾರಿ ಬಿಡೋ ಅಂದ. ಅಣ್ಣ ನನ್ನ ಹೊಟ್ಟೆ ಬಗ್ಗೆ ಊರಿಗೆಲ್ಲ ಹೇಳ್ತಾನೆ. ಆ ಸ್ನೇಹಿತನ ಬಗ್ಗೆ ಒಂದು ದಿನವೂ ಮಾತೆತ್ತಲ್ಲ. ಅವನ ತುಂಡೂ ಇದೆಯಾ ನಿಮ್ಮ ಹತ್ರ?"

ಇತ್ತು. ಅದೇ ಮಖಮಲ್ಲು, ಅದೇ ಸೀಟಿನ ಎಡಭಾಗ. ಗಂಟಿಲ್ಲದ ಕೆಂಪು ದಾರ.

"ಭಾನುವಾರ ನಾನೂ ಬರ್ತೀನಿ" ಎಂದ. ನಾನು ಹೊರಟಾಗ ತುಂಡನ್ನು ವಾಪಸು ಕೊಡುತ್ತ, "ನನ್ನ ದಾರ ಹಸಿರಿಗೆ ಬದಲಾಯಿಸಿ ಅಜ್ಜಿ. ಚೆನ್ನಾಗೇ ಇದೀನಲ್ಲ ಈಗ" ಎಂದು ನಕ್ಕ.

ಆ ವಾರ ಬೇರೆ ಕೆಲಸ ಮುಟ್ಟಲಿಲ್ಲ. ಗೋಡೆಗೆ ಬಿಗಿದ ಕಬ್ಬಿಣದ ಚೌಕಟ್ಟಿಗೆ ಎರಡು ಸೀಟು ಕೂರಿಸಿದೆ. ಒಂದಕ್ಕೆ ಐದು ಬೆರಳಿನ ಮೆತ್ತನೆ ಫೋಮು. ಇನ್ನೊಂದಕ್ಕೆ ಎರಡು ಬೆರಳಿನ ಗಟ್ಟಿ ಫೋಮು, ಮುಂದಿನ ಅಂಚು ಸ್ವಲ್ಪ ಎತ್ತರ. ಎರಡಕ್ಕೂ ಒಂದೇ ಥರದ ಸೊಂಟದ ಬೆಲ್ಟು. ಗಟ್ಟಿ ಸೀಟಿಗೆ ಮಾತ್ರ, ಬೇಕಾದರೆ ಸೇರಿಸಲು, ಭುಜದ ಪಟ್ಟಿಯನ್ನೂ ಚೌಕಟ್ಟಿಗೆ ಬಿಗಿದೆ. ಅಳಿಯ ಬಂದು ನೋಡಿ ಹೋಗುತ್ತಿದ್ದ. ಅವನ ಹೆಂಡತಿ ಆ ವಾರವೆಲ್ಲ ರಜೆ ಹಾಕಿ ಮನೆಯಲ್ಲಿದ್ದಳು. ನಾನೇ ಹಾಕಿಸಿದ್ದೆ.

ಭಾನುವಾರ ಹನ್ನೆರಡು ಜನರೂ ಬಂದರು. ಮೊದಲು ಮೊಮ್ಮಗಳು ಮೂರು ಗುಂಪಿನ ಲೆಕ್ಕ ಓದಿದಳು. ಹಾರ್ನಣ್ಣ ಕೈ ಕಟ್ಟಿ ಕೇಳಿದ.

"ಎರಡು ಗಂಟಿನವರು ಎಷ್ಟು ಜನ ಅಂದೆ?"

"ಆರು."

"ಆರು ಜನರ ಕಥೆ ಕಟ್ಕೊಂಡು ಹನ್ನೆರಡು ವ್ಯಾನಿಗೆ ಕಾನೂನು ಮಾಡ್ತೀಯಾ? ನಮ್ಮ ಮನೇಲಿ ಊಟಕ್ಕೆ ಕೂರೋರೇ ಎಂಟು ಜನ."

ಎಲ್ಲರಿಗಿಂತ ಹಿರಿಯ ಚಾಲಕನೊಬ್ಬ ಮೂಲೆಯಿಂದ ಹೇಳಿದ. "ಇನ್ನೊಂದು ಮಾತು ಅಜ್ಜಿ. ಹಿಂದೆ ಕೂತವರಿಗೂ ಬೆಲ್ಟು ಹಾಕ್ಸೋ ಚಾಲಕ ಇರ್ತಾನಲ್ಲ, ಅವನು ಮೊದಲೇ ನಿಧಾನಸ್ಥ. ಮೆಲ್ಲಗೆ ಓಡಿಸ್ತಾನೆ, ಪೆಟ್ಟೂ ಮೆಲ್ಲಗೆ ಬೀಳುತ್ತೆ. ಉಳಿಸಿದ್ದು ಬೆಲ್ಟೋ ಚಾಲಕನೋ, ನಿಮ್ಮ ದಾರ ಹೇಳುತ್ತಾ?"

ಆ ಮಾತು ನನಗೆ ಹೊಳೆದೇ ಇರಲಿಲ್ಲ. "ಹೇಳಲ್ಲಪ್ಪ. ನೀನು ಹೇಳೋದು ಸರಿ" ಎಂದೆ.

ಹಾರ್ನಣ್ಣ ತೊಡೆ ತಟ್ಟಿದ. "ನೋಡಿ! ಅಜ್ಜೀನೇ ಒಪ್ಪಿದ್ರು!"

"ಒಪ್ಪಿದೆ. ದಾರ ಏನಾಯ್ತು ಅಂತ ಹೇಳುತ್ತೆ, ಹೇಗಾಯ್ತು ಅಂತ ಹೇಳಲ್ಲ. ಹೇಗೆ ಅನ್ನೋದನ್ನ ಕೂತೇ ನೋಡಬೇಕು." ನಾನು ಎರಡು ಸೀಟುಗಳ ಮೇಲಿನ ಬಟ್ಟೆ ತೆಗೆದೆ. "ಯಾರಾದರೂ ಒಬ್ಬರು ಈ ಮೆತ್ತನೇದರ ಮೇಲೆ ಕೂತ್ಕೊಳ್ಳಿ. ಬೆಲ್ಟು ಹಾಕ್ಕೊಳ್ಳಿ. ಮಂಡಿ ಹಿಂದೆ ಅಗಲದ ಪಟ್ಟಿ ಹಾಕಿ ಇಬ್ಬರು ಮುಂದಕ್ಕೆ ಎಳೀತಾರೆ. ಗುದ್ದಿದಾಗ ಮೈ ಮುಂದಕ್ಕೆ ಹೋಗುತ್ತಲ್ಲ, ಹಾಗೆ, ಆದ್ರೆ ನಿಧಾನಕ್ಕೆ."

ಬಾಗಿಲ ಹತ್ತಿರ ನಿಂತಿದ್ದ ತಮ್ಮ ಮುಂದೆ ಬಂದ. "ನಾನು ಕೂರ್ತೀನಿ. ನನಗೆ ಅಭ್ಯಾಸ ಇದೆ."

"ಏಯ್! ನಿನ್ನ ಹೊಟ್ಟೆ ಸಾಕು, ಹಿಂದೆ ಸರಿ!" ಹಾರ್ನಣ್ಣ ಒಂದೇ ನೆಗೆತಕ್ಕೆ ತಮ್ಮನ ತೋಳು ಹಿಡಿದು ಪಕ್ಕಕ್ಕೆ ತಳ್ಳಿದ. "ನಾನೇ ಕೂರ್ತೀನಿ. ನನಗೆ ಹೊಟ್ಟೆ ಬೇಕಾದಷ್ಟಿದೆ."

ಕೂತ. ಫೋಮಿನಲ್ಲಿ ಮುಳುಗಿದ. "ಆಹಾ! ಅಜ್ಜಿ, ಇದನ್ನ ನನ್ನ ಮನೆಗೆ ಕಳಿಸಿ" ಎಂದ. ಬೆಲ್ಟನ್ನು ಸೊಂಟದ ಮೂಳೆಯ ಮೇಲೆ ನಾನೇ ಸರಿಯಾಗಿ ಕೂರಿಸಿ ಬಿಗಿ ಮಾಡಿದೆ. ಎಲ್ಲರಿಗೂ ಕಾಣಲೆಂದು ಅವನ ಅಂಗಿಯ ಮೇಲೆ ಬೆಲ್ಟಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಅಳಿಯ ಒಂದು ಕಡೆ, ಇನ್ನೊಬ್ಬ ಇನ್ನೊಂದು ಕಡೆ ಎಳೆಯತೊಡಗಿದರು.

ಮೊದಲು ಸೀಟಿನ ಮುಂದಿನ ಅಂಚು ಕುಸಿಯಿತು. ಆಮೇಲೆ ಹಾರ್ನಣ್ಣನ ಸೊಂಟ ಕೆಳಗೆ ಜಾರಿ ಮುಂದಕ್ಕೆ ಬಂತು. ಬೆಲ್ಟು ಗೆರೆ ಬಿಟ್ಟು ಮೇಲಕ್ಕೇರಿತು, ಒಂದು ಬೆರಳು, ಎರಡು, ನಾಲ್ಕು. ಹೊಕ್ಕುಳದ ಮೇಲೆ ಕೂತು ಒತ್ತಿತು.

"ನಿಲ್ಸಿ, ನಿಲ್ಸೋ!" ಹಾರ್ನಣ್ಣನ ದನಿ ಮೊದಲ ಬಾರಿಗೆ ಸಣ್ಣಗಾಗಿತ್ತು.

ಅವನನ್ನು ಎಬ್ಬಿಸಿ ಗಟ್ಟಿ ಸೀಟಿನ ಮೇಲೆ ಕೂರಿಸಿದೆವು. ಅದೇ ಬೆಲ್ಟು, ಅದೇ ಗೆರೆ, ಅದೇ ಇಬ್ಬರ ಎಳೆತ. ಬೆಲ್ಟು ಒಂದು ಬೆರಳು ಅಲುಗಿತು, ಅಷ್ಟೇ. ಮೂಳೆ ಬಿಡಲಿಲ್ಲ. ಆದರೆ ಆ ಪಟ್ಟಿಯನ್ನು ಬೆನ್ನ ಹಿಂದೆ ಹಾಕಿ ಎಳೆದಾಗ ಅವನ ತಲೆ, ಎದೆ ಮುಂದಕ್ಕೆ ಬಾಗಿದವು. ಆಗ ಭುಜದ ಪಟ್ಟಿಯನ್ನೂ ಹಾಕಿ ಎಳೆಸಿದೆ. ಮೈ ಸೀಟಿಗೇ ಅಂಟಿ ನಿಂತಿತು.

ಹಾರ್ನಣ್ಣ ಅಂಗಿಯ ಮೇಲಿನ ಗೆರೆಯನ್ನೇ ನೋಡುತ್ತ ಕೂತ. "ನನ್ನ ತಮ್ಮ ಕೂತಿದ್ದು..."

"ಮೊದಲನೇ ಥರದ ಸೀಟಿನ ಮೇಲೆ" ಎಂದೆ. "ಅದನ್ನ ಮಾಡಿದವಳು ನಾನು. ಗಾಡಿ ವಾಪಸು ಬಂದಾಗ ನೋಡಿ ತಿಳ್ಕೊಂಡೆ. ಹನ್ನೊಂದು ವರ್ಷ ಬಾಯಿ ಬಿಡಲಿಲ್ಲ. ನೀನು ಬೆಲ್ಟಿಗೆ ಬೈಯೋದನ್ನ ಕೇಳ್ತಾ ಹೊಲೀತಿದ್ದೆ. ಬೈಬೇಕಾದದ್ದು ನನಗೆ."

"ಹನ್ನೊಂದು ವರ್ಷ" ಎಂದ ಅವನು. ಕೂಗಲಿಲ್ಲ. ಕೂಗಿದ್ದರೆ ನನಗೆ ಹಗುರವಾಗುತ್ತಿತ್ತು.

"ಅಣ್ಣ" ಎಂದ ತಮ್ಮ. "ನನಗೆ ಸೋಮವಾರವೇ ಬಂದು ಹೇಳಿದ್ರು. ನಾನು ನುಂಗ್ಕೊಂಡಿದೀನಿ. ಅಜ್ಜಿ ಫೋಮಿನ ತಪ್ಪು ಒಂದು ಕಡೆ ಇರಲಿ. ನನ್ನ ಪಕ್ಕ ಕೂತಿದ್ದವನಿಗೆ ಬೆಲ್ಟೇ ಇರಲಿಲ್ಲ. ಅವನು ಎಲ್ಲಿದ್ದಾನೆ? ಅವನ ಹೊಟ್ಟೇಲಿ ಒಂದು ಗೀರೂ ಇರಲಿಲ್ಲ ಅಣ್ಣ, ತೋರಿಸಿ ಜಗಳ ಆಡೋಕೆ. ನನ್ನ ಗಾಯ ನಿನಗೆ ದಿನಾ ಕಾಣುತ್ತೆ, ಯಾಕಂದ್ರೆ ನಾನು ದಿನಾ ನಿನ್ನ ಎದುರಿಗೆ ಊಟಕ್ಕೆ ಕೂರ್ತೀನಿ."

ಹಾರ್ನಣ್ಣ ಎದ್ದು ಹೊರಗೆ ಹೋದ. ಚಪ್ಪಲಿಯನ್ನೂ ಮೆಟ್ಟಲಿಲ್ಲ. ವ್ಯಾನಿನ ಬಾಗಿಲು ಧಡ್ ಎಂದಿತು. ಮುಗಿಯಿತು, ಹೋದ ಎಂದುಕೊಂಡೆವು. ಅಳಿಯ ನೆಲ ನೋಡುತ್ತಿದ್ದ, ಮೊಮ್ಮಗಳು ನನ್ನ ಕೈ ಹಿಡಿದುಕೊಂಡಿದ್ದಳು. ಆದರೆ ಎಂಜಿನ್ನಿನ ಸದ್ದು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ಬಾಗಿಲಲ್ಲಿ ನಿಂತ. ಮುಖ ತೊಳೆದುಕೊಂಡಿದ್ದ.

"ನನ್ನ ವ್ಯಾನಲ್ಲಿ ಎಷ್ಟು ಬೆರಳು ಹಾಕಿದೀರಿ ಅಜ್ಜಿ?"

"ನಾಲ್ಕು."

"ತೆಗೀರಿ. ಎಲ್ಲದರದೂ ತೆಗೀರಿ." ಮತ್ತೆ ದನಿ ಏರಿತು, ಹಳೆಯ ಹಾರ್ನು ಬಂತು. "ನಿಮ್ಮ ಮೇಲೆ ಸಿಟ್ಟಿದೆ, ಅದು ಇರುತ್ತೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಬೆಲ್ಟು ಹಾಕಿದ್ರೆ ಯಾರಿಗೂ ಏನೂ ಆಗಲ್ವಾ? ನೂರಕ್ಕೆ ನೂರು?"

"ಇಲ್ಲಪ್ಪ. ಎರಡು ಗಂಟಿನವರಲ್ಲೂ ಒಂದು ಹಳದಿ ಇದೆ. ಪಟ್ಟಿ ಎದೆ ಮೂಳೆ ಮುರೀತು. ಆದ್ರೆ ಆ ಹೆಂಗಸು ನಡ್ಕೊಂಡೇ ಬಂದು ನನ್ನ ಹತ್ರ ಸೀಟು ಹೊಲಿಸಿದ್ದು."

"ಹಾಗೆ ಹೇಳಿದ್ರೆ ನಂಬ್ತೀನಿ. ನೂರಕ್ಕೆ ನೂರು ಅಂದಿದ್ರೆ ಎದ್ದು ಹೋಗ್ತಿದ್ದೆ." ಮೊಮ್ಮಗಳ ಕಡೆ ತಿರುಗಿದ. "ಬರಿಯಮ್ಮ. ಬೆಲ್ಟು ಬೇಕು ಅಂತ ಬರಿ. ಸೊಂಟಕ್ಕೊಂದೇ ಪಟ್ಟಿ ಆದ್ರೆ ಬೇಡ, ಭುಜದ್ದೂ ಬೇಕು ಅಂತ ಬರಿ. ಸೀಟು ಗಟ್ಟಿ ಇರಬೇಕು ಅಂತ ಬರಿ. ಬಕಲ್ಲು ಕವರಿನ ಹೊರಗೆ, ಕೈಗೆ ಸಿಗೋ ಹಾಗೆ."

"ನಿಧಾನ ಅಣ್ಣ, ಪೆನ್ನು ಬ್ರೇಕು ಹಾಕ್ತಿದೆ."

"ಆಮೇಲೆ, ಬೆಲ್ಟು ಬಂತು ಅಂತ ಯಾರೂ ಜೋರಾಗಿ ಓಡಿಸೋ ಹಾಗಿಲ್ಲ ಅಂತನೂ ಬರಿ" ಎಂದ ಮೂಲೆಯಲ್ಲಿದ್ದ ಹಿರಿಯ ಚಾಲಕ.

"ಅದು ಕಾರ್ಖಾನೆಗೆ ಯಾಕೆ? ನಮಗೆ ನಾವೇ ಬರ್ಕೋಬೇಕು" ಎಂದ ಹಾರ್ನಣ್ಣ.

"ಹಾಗಾದ್ರೆ ನಿನ್ನ ಹೆಸರು ಮೊದಲು" ಎಂದ ಆ ಹಿರಿಯ. ಎಲ್ಲರೂ ನಕ್ಕರು. ಹಾರ್ನಣ್ಣ ನಾಲಿಗೆ ಕಚ್ಚಿಕೊಂಡ.

ಹನ್ನೆರಡೂ ಸಹಿ ಬಿದ್ದವು. ಅಳಿಯನದು ಕೊನೆಯದು. ಅವನು ಪೆನ್ನು ಹಿಡಿದುಕೊಂಡು ಹೆಂಡತಿಯನ್ನು ಕೇಳಿದ. "ಹೊಟ್ಟೆ ಕೆಳಗೆ ಅಂದ್ರೆ ಸರಿಯಾಗಿ ಎಲ್ಲಿ? ನನಗೆ ತೋರಿಸು. ದಿನಾ ನಾನೇ ನೋಡಿ ಹಾಕ್ತೀನಿ." ಅವಳು ಗಟ್ಟಿ ಸೀಟಿನ ಮೇಲೆ ಕೂತು ತೋರಿಸಿದಳು: ಸೊಂಟದ ಪಟ್ಟಿ ಹೊಟ್ಟೆಯ ಕೆಳಗೆ, ತೊಡೆ ಸೇರುವ ಕಡೆ ಮೂಳೆಯ ಮೇಲೆ. ಭುಜದ ಪಟ್ಟಿ ಎದೆಯ ನಡುವಿಂದ ಬಂದು ಹೊಟ್ಟೆಯ ಪಕ್ಕಕ್ಕೆ. ಅವನು ಮಂಡಿಯೂರಿ ಕೂತು, ಬೆಲ್ಟಿನ ಕೆಳಗೆ ಬೆರಳು ತೂರಿಸಿ ನೋಡಿ, ತಲೆಯಾಡಿಸಿ, ಆಮೇಲೆ ಸಹಿ ಹಾಕಿದ.

ಮೊದಲು ಬಿಚ್ಚಿದ್ದು ಅವಳ ಸೀಟನ್ನು. ನನ್ನ ಎರಡು ಸಾಲು ಹೊಲಿಗೆಗೆ ನಾನೇ ಬ್ಲೇಡು ಹಾಕಿದೆ. ಪ್ರೀತಿಯಿಂದ ಹಾಕಿದ ಹೊಲಿಗೆ ಕತ್ತರಿಸಲು ಗಟ್ಟಿ. ಒಳಗೆ ಬಕಲ್ಲು ತಣ್ಣಗೆ ಕೂತಿತ್ತು. ಅದನ್ನು ಹೊರಗೆಳೆದು, ಸುತ್ತಲೂ ಗಟ್ಟಿ ಚರ್ಮದ ಬಾಯಿ ಹೊಲಿದೆ, ಮತ್ತೆ ಯಾರೂ ಒಳಗೆ ತಳ್ಳದಿರಲೆಂದು. ಮೂರು ವಾರಕ್ಕೆ ಕಾರ್ಖಾನೆಯವರು ಕಳಿಸಿದ ಬೆಲ್ಟುಗಳು ಬಂದವು, ಅಲ್ಲಿಯವರೆಗೂ ಮೊಮ್ಮಗಳು ರಜೆ ಮುಂದುವರಿಸಿದ್ದಳು. ಕೂರಿಸುವ ಮೆಕ್ಯಾನಿಕ್ಕಿನ ಪಕ್ಕದಲ್ಲಿ ನಿಂತು, ಒಂದೊಂದು ಸೀಟಿನ ಮೇಲೂ ಕೂತು ನೋಡಿದೆ. ಹಾರ್ನಣ್ಣನ ವ್ಯಾನು ಎರಡನೆಯದು. ಅವನು ನನ್ನೊಡನೆ ಕೆಲಸದ ಮಾತಷ್ಟೇ ಆಡಿದ. ಸೀಟಿನ ಕೆಲಸ ಮುಗಿದು ಹೊರಡುವಾಗ, "ಊಟ ಆಯ್ತಾ ಅಜ್ಜಿ" ಎಂದು ಕೇಳಿದ. ನನಗೆ ಅಷ್ಟು ಸಾಕಾಗಿತ್ತು.

ಮೊಮ್ಮಗಳು ಮತ್ತೆ ಕೆಲಸಕ್ಕೆ ಹೊರಟ ಮೊದಲ ದಿನ ನಾನೂ ಬಾಗಿಲಲ್ಲಿ ನಿಂತಿದ್ದೆ. ಅಳಿಯ ಅವಳ ಬೆಲ್ಟು ನೋಡಿ, ಉಳಿದ ಒಂಬತ್ತು ಜನರದ್ದೂ ನೋಡಿ, ಆಮೇಲೆ ತನ್ನ ಸೀಟಿಗೆ ಹೋದ.

"ಅಜ್ಜಿ! ಸೀಟು ಕಲ್ಲು ಕಲ್ಲಾಗಿದೆ!" ಎಂದು ಅವಳು ಕಿಟಕಿಯಿಂದ ಕೂಗಿದಳು.

"ಅಭ್ಯಾಸ ಆಗುತ್ತೆ, ಹೋಗು."

"ನನಗೆ ಆಗುತ್ತೆ. ಇದು ಒಳಗಿಂದ ಒದೀತಿದೆ!"

ವ್ಯಾನು ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಬಂದು, ಅವಳ ಸೀಟಿನಿಂದ ತೆಗೆದಿಟ್ಟಿದ್ದ ಬಟ್ಟೆಯ ತುಂಡನ್ನು ಹುಡುಕಿದೆ. ಏನೂ ಆಗದ ಸೀಟಿನ ತುಂಡಿಗೆ ನಾನು ಯಾವತ್ತೂ ದಾರ ಹಾಕಿದವಳಲ್ಲ. ಬಿಳಿ ದಾರ ಪೋಣಿಸಿ, ಮೂಲೆಗೆ ನಾಲ್ಕು ಹೊಲಿಗೆ ಹಾಕಿ, ತುದಿಗೆ ಎರಡು ಗಂಟು ಹಾಕಿದೆ. ಇನ್ನು ಹನ್ನೊಂದು ವ್ಯಾನುಗಳ ತುಂಡು ಬಾಕಿ ಇದ್ದವು. ಸೂಜಿಗೆ ಇನ್ನಷ್ಟು ಉದ್ದದ ದಾರ ಹಾಕಿಕೊಂಡು ಕೂತೆ.